ವಿಶ್ವರಾಧ್ಯರ ಪಥ್ಯವೂ ಬೀಗರ ಭಜಿಯೂ

ಶಹಾಪುರದ ಪಾತ್ರೆ ಅಂಗಡಿಯ ವಿಶ್ವರಾಧ್ಯರಿಗೆ ಈ ಜಗತ್ತಿನ ಮೇಲೆ ಇದ್ದದ್ದು ಒಂದೇ ತಕರಾರು. ಊರಿನ ಮದುವೆ, ಸೀಮಂತ, ಗೃಹಪ್ರವೇಶಗಳಿಗೆಲ್ಲ ಕಡಾಯಿ ಕೊಡುವವರು ಅವರು. ಆ ಕಡಾಯಿಯಲ್ಲಿ ಕರಿದದ್ದನ್ನು ಬಾಯಿಗೆ ಹಾಕುವ ಹಕ್ಕು ಮಾತ್ರ ಅವರಿಗಿಲ್ಲ. ಅಂಗಡಿಯ ಗಾದಿಯ ಮೇಲೆ ಗೋಡೆಗೆ ಒರಗಿ ಕುಳಿತು, ದೂರದ ಗುಡ್ಡಸಾಲಿನಲ್ಲಿ ಹಾಯಾಗಿ ಮಲಗಿದಂತೆ ಕಾಣುವ ಬುದ್ಧನ ಆಕಾರವನ್ನು ನೋಡುತ್ತ ಅವರು ದಿನವೂ ಇದನ್ನೇ ಯೋಚಿಸುತ್ತಿದ್ದರು. ರಸ್ತೆಯಾಚೆ ಶರೀಫಸಾಬನ ಭಜಿ ಬಂಡಿ. ಬಿಸಿಲು ಇಳಿಯುವ ಹೊತ್ತಿಗೆ ಶರೀಫಸಾಬ ತೂತಿನ ಝಾರಿ ಸೌಟಿನಿಂದ (ಅದೂ ವಿಶ್ವರಾಧ್ಯರ ಅಂಗಡಿಯದೇ, ಅರ್ಧ ಬೆಲೆಗೆ ಕೊಟ್ಟದ್ದು) ಮೊದಲ ಮಿರ್ಚಿ ಎತ್ತಿದನೆಂದರೆ ಅದರ ಘಮ ನೇರ ರಸ್ತೆ ದಾಟಿ ಇವರ ಮೂಗಿಗೇ ಬರುತ್ತಿತ್ತು. ಲಾರಿ, ಬಸ್ಸು, ಕಬ್ಬಿನ ಟ್ರ್ಯಾಕ್ಟರು ಯಾವುದಕ್ಕೂ ಅದು ಅಂಜುತ್ತಿರಲಿಲ್ಲ. ಗೊಲ್ಲಾಳಮ್ಮನಿಗೂ ಅಂಜುತ್ತಿರಲಿಲ್ಲ. ಅಷ್ಟು ಧೈರ್ಯ ವಿಶ್ವರಾಧ್ಯರಿಗೆ ಎಂದೂ ಬಂದಿರಲಿಲ್ಲ.

ಗೊಲ್ಲಾಳಮ್ಮ ಅವರ ಹೆಂಡತಿ. ಅದಕ್ಕಿಂತ ಹೆಚ್ಚಾಗಿ, ಈಗ ಕೆಲವು ತಿಂಗಳಿಂದ, ಅವರ ಹೊಟ್ಟೆಯ ಮೇಲೆ ಸರಕಾರ ನೇಮಿಸಿದ ಆಡಳಿತಾಧಿಕಾರಿ.

ಎಲ್ಲ ಶುರುವಾದದ್ದು ಎದೆಯುರಿಯಿಂದ. ಕೆಳಗಿನ ಸಾಲಿನ ಕೊಳಗ ತೆಗೆಯಲು ಬಗ್ಗಿದರೆ ಸಾಕು, ಗಂಟಲಿಗೆ ಹುಳಿನೀರು ಬರುತ್ತಿತ್ತು. ಉಂಡು ಮಲಗಿದರೆ ಎದೆಯಲ್ಲಿ ಯಾರೋ ಸಗಣಿಯ ಕುಳ್ಳು ಒಟ್ಟಿ ಬೆಂಕಿ ಹಚ್ಚಿದಂತಾಗುತ್ತಿತ್ತು. ಇದು ಹೃದಯದ್ದೇ ಎಂದು ವಿಶ್ವರಾಧ್ಯರು ಖಾತ್ರಿ ಮಾಡಿಕೊಂಡರು. ಖಾತ್ರಿಯಾದ ಮೇಲೆ ಅವರಿಗೆ ಭಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ಸುಖವೇ ಆಯಿತೆನ್ನಬೇಕು. ಗಾದಿಯ ಮೇಲೆ ಕಣ್ಣು ಮುಚ್ಚಿದರೆ ಸಾಕು, ಬಜಾರೆಲ್ಲ ಬಂದಾಗಿ, ಜನ ಗುಂಪುಗುಂಪಾಗಿ ನಿಂತು, ಶರೀಫಸಾಬ ಬಂಡಿ ಹಿಡಿದುಕೊಂಡು 'ಸಾವುಕಾರ್ರು ಹೋದ್ರು, ಇನ್ನ ಮೊದಲನೆ ಘಾಣದ ಭಜಿ ಯಾರಿಗಿ ಕರೀಲಿ' ಎಂದು ಅಳುವುದು ಕಾಣುತ್ತಿತ್ತು. ಅದನ್ನು ಕಂಡು ಇವರ ಕಣ್ಣಲ್ಲೂ ನೀರು ಬರುತ್ತಿತ್ತು. ಗಿರಾಕಿಗಳು ಬಂದು ನಿಂತು, ಸಾವುಕಾರರು ಅಳುತ್ತಿದ್ದಾರೆ, ಪಾಪ ಏನು ದುಃಖವೋ ಎಂದು ಚೌಕಾಸಿ ಮಾಡದೆ ಹಣ ಕೊಟ್ಟು ಹೋಗುತ್ತಿದ್ದರು.

ಈ ಸುಂದರ ಮರಣವನ್ನು ಹಾಳು ಮಾಡಿದವರು ಯಾದಗಿರಿಯ ಡಾಕ್ಟರ್ ಫಿರ್ದೌಸ್. ಬಾಯಿಂದ ನಳಿಕೆ ಬಿಟ್ಟು, ಒಳಗಿನದೆಲ್ಲ ಟೀವಿಯಲ್ಲಿ ನೋಡಿ, ಆಕೆ ನಕ್ಕುಬಿಟ್ಟರು.

"ಹೃದಯ ಗಟ್ಟಿ ಅದ್ರಿ ನಿಮ್ದು. ಇದು ಹಯಾಟಸ್ ಹರ್ನಿಯಾ. ಎದಿಗೂ ಹೊಟ್ಟಿಗೂ ನಡುವ ಒಂದು ಪರದಾ ಇರ್ತದ. ಅದ್ರಾಗ ಅನ್ನದ ನಳಿ ಇಳಿಯಾಕ ಒಂದು ತೂತು. ನಿಮ್ದು ಆ ತೂತು ಜರಾ ಸಡಲಾಗ್ಯಾದ. ಹೊಟ್ಟಿ ಮ್ಯಾಲಿನ ತುದಿ ಅದ್ರಾಗಿಂದ ಮ್ಯಾಲ ಹಣಿಕಿ ಹಾಕಾಕತ್ತದ, ಅಷ್ಟಾ."

ಹಣಿಕಿ ಹಾಕುತ್ತದೆ! ವಿಶ್ವರಾಧ್ಯರಿಗೆ ಆ ಮಾತು ಬಹಳ ಹಿಡಿಸಿತು. ಅವರಿಗೆ ತಮ್ಮ ಹೊಟ್ಟೆ ಒಂದು ಎಳೆಯ ಹುಡುಗಿಯ ಹಾಗೆ ಕಂಡಿತು. ಬೀದಿಯಲ್ಲಿ ಮೆರವಣಿಗೆ ಹೊರಟಿದೆ, ಒಳಮನೆಯ ಪರದೆಯನ್ನು ಎರಡು ಬೆರಳಲ್ಲಿ ಸರಿಸಿ ಅದು ಇಣುಕುತ್ತಿದೆ. ಈ ಚಿತ್ರದಲ್ಲಿ ಅವರು ಮೈಮರೆತು ಕುಳಿತಿದ್ದಾಗ ಡಾಕ್ಟರು ಪಥ್ಯ ಹೇಳಿಬಿಟ್ಟಿದ್ದರು. ಕರಿದದ್ದು ಬೇಡ, ಖಾರ ಬೇಡ, ಹುಳಿ ಬೇಡ, ಚಹಾ ಬೇಡ. ಬಿಗಿಯಾದ ಬೆಲ್ಟು ಬೇಡ. ಬಗ್ಗಿ ಭಾರ ಎತ್ತಬಾರದು. ಹೊತ್ತು ಮುಳುಗುವುದರೊಳಗೆ ಊಟ, ಉಂಡು ಮೂರು ತಾಸು ಮಲಗುವಂತಿಲ್ಲ. ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಇಟ್ಟು ಎತ್ತರ ಮಾಡಬೇಕು. ಹೊಟ್ಟೆ ಇಳಿಸಬೇಕು. 'ಸ್ವಲ್ಪ ಸ್ವಲ್ಪ, ಬಹಳ ಸಲ ತಿನ್ರಿ' ಎಂದದ್ದರಲ್ಲಿ ವಿಶ್ವರಾಧ್ಯರಿಗೆ ಕೇಳಿಸಿದ್ದು 'ಬಹಳ ಸಲ', ಗೊಲ್ಲಾಳಮ್ಮನಿಗೆ ಕೇಳಿಸಿದ್ದು 'ಸ್ವಲ್ಪ'. ಮನೆಯಲ್ಲಿ ಜಾರಿಗೆ ಬಂದದ್ದು ಯಾರಿಗೆ ಕೇಳಿಸಿದ್ದೆಂದು ಹೇಳಬೇಕಾಗಿಲ್ಲ.

"ಐವತ್ತಾರು ವರ್ಷ ಒಂದ್ ಜಾಗಾದಾಗ ಕುಂತಿರೋ ಮನಷ್ಯಾರ್ರಿ ನೀವು," ಎಂದಳು ಗೊಲ್ಲಾಳಮ್ಮ, ಬಸ್ಸಿನಲ್ಲಿ ವಾಪಸು ಬರುವಾಗ. "ನಿಮ್ಮ ಹೊಟ್ಟಿಗಿ ಮಾತ್ರ ಊರು ತಿರಗೋ ಚಟ ಎಲ್ಲಿಂದ ಹತ್ತಿತು?"

"ಏ ಹುಚ್ಚಿ, ಅದು ಮ್ಯಾಲ ಹೊಂಟದ. ಎದಿ ಕಡಿಗಿ. ಭಕ್ತಿ ಇರೋ ಹೊಟ್ಟಿ."

"ಭಕ್ತಿ ಇದ್ರ ಉಪಾಸ ಇರ್ತದ, ಭಜಿ ಬೇಡಂಗಿಲ್ಲ."

ಆ ದಿನವೇ ಮನೆ ಕಟ್ಟಿಸಿದಾಗ ಉಳಿದಿದ್ದ ಇಟ್ಟಿಗೆಗಳು ಮಂಚದ ಕೆಳಗೆ ಬಂದವು. ಬೀಡಾಡಿ ದನ ಏರುವ ದಿಬ್ಬದ ಹಾಗೆ ಇಳಿಜಾರಾದ ಮಂಚವನ್ನು ನೋಡಿ ವಿಶ್ವರಾಧ್ಯರಿಗೆ ಎದೆ ಧಸಕ್ಕೆಂದಿತು. ಅವರ ಜನ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವವರು.

"ಹೋದ ಮ್ಯಾಲ ಹೆಂಗಿದ್ರೂ ಕುಂದ್ರಸ್ತೀರಿ. ಇದ್ದಾಗರ ಜರಾ ಮಲಗಾಕ ಬಿಡ್ರಿ ನನಗ," ಎಂದರು.

"ಬಿಡ್ತು ಅನ್ರಿ! ಇದು ಔಷಧ," ಎಂದು ಆಕೆ ದಿಂಬು ಬಡಿದು ಇಟ್ಟಳು. ಎಡ ಮಗ್ಗುಲಿಗೇ ಮಲಗಬೇಕೆಂಬ ಇನ್ನೊಂದು ನಿಯಮವಿತ್ತು. ಎಡ ಮಗ್ಗುಲಿಗೆ ಹೊರಳಿದರೆ ಎದುರಿಗೆ ಗೊಲ್ಲಾಳಮ್ಮನ ಮುಖ. ಹೀಗಾಗಿ ನಿದ್ದೆಯಲ್ಲೂ ಅವರು ಆಡಳಿತಾಧಿಕಾರಿಯ ಕಣ್ಗಾವಲಿನಲ್ಲೇ ಇದ್ದರು.

ಆದರೆ ಕನಸಿಗೆ ಡಾಕ್ಟರು ಯಾವ ನಿಷೇಧವನ್ನೂ ಹಾಕಿರಲಿಲ್ಲ. ಇಳಿಜಾರು ಮಂಚದ ಮೇಲೆ ದೇಹ ನಿಧಾನವಾಗಿ ಕೆಳಗೆ ಜಾರುತ್ತಿದ್ದಂತೆ ವಿಶ್ವರಾಧ್ಯರು ಕನಸಿನಲ್ಲೂ ಜಾರುತ್ತಿದ್ದರು. ದೊಡ್ಡದೊಂದು ಕಡಾಯಿಯಲ್ಲಿ ಕುಳಿತು, ತಂಗಾಳಿಯಲ್ಲಿ, ಗುಡ್ಡದ ಮೇಲಿಂದ ತೇಲಿದ ಹಾಗೆ ಇಳಿದು ಬರುವರು. ಕೆಳಗೆ ಕೆರೆ. ಕೆರೆಯ ತುಂಬ ಬಂಗಾರದ ಬಣ್ಣದ ಎಣ್ಣೆ. ಅದರ ಮೇಲೆ ಮಿರ್ಚಿ ಭಜಿಗಳು ಬಾತುಕೋಳಿಗಳ ಹಾಗೆ ಸಾಲಾಗಿ, ಕತ್ತು ಎತ್ತಿಕೊಂಡು ಈಜುತ್ತಿವೆ. ದಂಡೆಯಲ್ಲಿ ಕೂತು ಕೈ ಚಾಚಿದರೆ ಸಾಕು, ಒಂದೊಂದೇ ತಾನಾಗಿ ಅಂಗೈಗೆ ಬರುವುದು. ಎಂಥ ಶಾಂತಿ! ಬೆಳಗಾಗುವ ಹೊತ್ತಿಗೆ ಅವರ ಕಾಲುಗಳು ಮಂಚದಿಂದ ಹೊರಗೆ ನೇತಾಡುತ್ತಿದ್ದವು.

"ನಿದ್ದಿಯಾಗ ಬಾಯಿ ಆಡಸಾಕತ್ತಿದ್ರಿ. ಏನ್ ತಿಂದ್ರಿ?"

"ಏನಿಲ್ಲ. ಮಂತ್ರ ಅನ್ನಾಕತ್ತಿದ್ನಿ."

"ಮಂತ್ರ ಅಂತ ಯಾರು ಬೆರಳು ನೆಕ್ಕತಾರ್ರಿ?"

ವಿಚಿತ್ರವೆಂದರೆ, ಕನಸಿನ ಭಜಿಗೂ ಅವರಿಗೆ ಎದೆ ಉರಿಯುತ್ತಿತ್ತು. ಇದು ಅನ್ಯಾಯ ಎಂದು ಅವರು ಯಾರ ಹತ್ತಿರ ಹೇಳಿಕೊಳ್ಳಬೇಕು?

ಹಾಗೂ ಹೀಗೂ ಪಥ್ಯ ಮಾಡಿದರು. ನುಚ್ಚು, ಮಜ್ಜಿಗೆ, ಬೇಯಿಸಿದ ಸೋರೆಕಾಯಿ, ಮೆತ್ತನೆಯ ಬಿಸಿ ರೊಟ್ಟಿ. ನಿಜ ಹೇಳಬೇಕೆಂದರೆ ಉರಿಯೂ ಇಳಿದಿತ್ತು, ಅಂಗಿಯೂ ಸಡಿಲಾಗಿತ್ತು. ಗೊಲ್ಲಾಳಮ್ಮ ಗೆದ್ದಿದ್ದಳು, ಗೆದ್ದದ್ದನ್ನು ಓಣಿಯಲ್ಲಿ ಹೇಳಿಕೊಳ್ಳಲಾರದ ಸಂಕಟ ಒಂದೇ ಆಕೆಗೆ. ಯಾಕೆಂದರೆ ಮಗಳು ಉಮಾಶ್ರೀ ಮದುವೆಯ ವಯಸ್ಸಿಗೆ ಬಂದವಳು. ಹಿಂದೆ ಬಂದ ಒಂದು ಸಂಬಂಧ 'ಹುಡುಗಿಯ ತಂದೆ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂರುತ್ತಾರಂತೆ, ಅಳುತ್ತಾರಂತೆ' ಎಂಬ ಸುದ್ದಿಗೇ ಮುರಿದು ಹೋಗಿತ್ತು. (ಸುಂದರ ಮರಣದ ಕನಸು ಕಂಡದ್ದಕ್ಕೆ ತೆತ್ತ ದಂಡ ಅದು.) ಈಗ ರಂಗಂಪೇಟೆಯ ಕಿರಾಣಿ ವ್ಯಾಪಾರಿ ಸೂಗಪ್ಪನವರ ಮಗ ಬಸು ಬಂದು ನೋಡಿ ಹೋಗಿದ್ದ. ದೇವಾಪುರದಲ್ಲಿ ಮಾಸ್ತರಿಕೆ, ಮಾತು ಕಡಿಮೆ, ನಗು ಜಾಸ್ತಿ. ಅಂದಿನಿಂದ ಉಮಾಶ್ರೀ ತಲೆ ಬಾಚಿಕೊಳ್ಳುವಾಗ ಏನೋ ಗುನುಗುತ್ತಿದ್ದಳು. ವಿಶ್ವರಾಧ್ಯರು ಅದನ್ನು ಕೇಳಿಯೂ ಕೇಳದವರ ಹಾಗೆ ಪಡಸಾಲೆಯಲ್ಲಿ ಕೂತಿರುತ್ತಿದ್ದರು. ಆ ಗುನುಗು ನಿಂತರೆ ತಾವು ಬದುಕಿ ಪ್ರಯೋಜನವಿಲ್ಲ ಎಂದು ಅವರಿಗೆ ಅನಿಸುತ್ತಿತ್ತು, ಮತ್ತು ಈ ಸಲ ಅದು ನಾಟಕವಾಗಿರಲಿಲ್ಲ.

ರಂಗಂಪೇಟೆಯಿಂದ ಹೇಳಿಕೆ ಬಂತು. ಹುಡುಗಿಯ ತಂದೆ ತಾಯಿ ಒಮ್ಮೆ ಬಂದು ಮನೆ ನೋಡಿ, ಉಂಡು ಹೋಗಲಿ. ಉಂಡ ಮೇಲೆ ಮಾತು ಪಕ್ಕಾ.

"ನೋಡ್ರಿ," ಎಂದಳು ಗೊಲ್ಲಾಳಮ್ಮ, ಬಾಗಿಲು ಎಳೆದುಕೊಂಡು. "ಅಲ್ಲಿ ಈ ಹೊಟ್ಟಿ ಸುದ್ದಿ ತೆಗೀಬಾರ್ದು. ರೋಗದ ಮನಿತನ ಅಂದ್ರ ಮುಗೀತು. ಒಂದಿನ, ಬರೇ ಒಂದಿನ, ಅವ್ರು ಬಡಿಸಿದ್ದು ನೆಟ್ಟಗ ಉಂಡು ಬರ್ರಿ."

"ಏನಂದಿ?"

"ಬಡಿಸಿದ್ದು ಉಣ್ರಿ ಅಂದೆ."

"ಎಲ್ಲಾ?"

"ಎಲ್ಲಾ. ಆದ್ರ ಸ್ವಲ್ಪ."

ಆ 'ಸ್ವಲ್ಪ' ಅವರಿಗೆ ಈ ಸಲವೂ ಕೇಳಿಸಲಿಲ್ಲ. ಉಮಾಶ್ರೀ ಮಾತ್ರ, "ಅಪ್ಪಾ, ಖರೇ ಹೇಳಿಬಿಡ್ರಿ. ಹೊಟ್ಟಿ ಮ್ಯಾಲ ಸರದ್ರ ಸಂಬಂಧ ಯಾಕ ಕೆಳಗ ಬೀಳ್ತದ?" ಎಂದಳು. ತಂದೆ ಅವಳ ತಲೆಯ ಮೇಲೆ ಕೈಯಿಟ್ಟು, "ತಾಯಿ, ನಿನ್ನ ಸಲುವಾಗಿ ನಾ ಏನ್ ಬೇಕಾದ್ದು ತಿನ್ನಾಕ ತಯಾರ್ ಇದ್ದೀನಿ," ಎಂದು ಗದ್ಗದಿತರಾದರು. ತ್ಯಾಗ ಇಷ್ಟು ರುಚಿಯಾಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಅಂದಿನಿಂದ ಅಂಗಡಿಯಲ್ಲಿ ಅವರು ಇದ್ದೂ ಇರಲಿಲ್ಲ. ಕೊಡ ಕೇಳಿದವರಿಗೆ ತಂಬಿಗೆ ಕೊಟ್ಟರು. ಬಿಸಿಲು ಹಾಲಿನ ಕೆನೆಯ ಹಾಗೆ ರಸ್ತೆಯ ಮೇಲೆ ಕಟ್ಟಿಕೊಂಡಿರುತ್ತಿತ್ತು, ಸಾಲಾಗಿ ಜೋಡಿಸಿದ ಸ್ಟೀಲು ತಾಟುಗಳೊಳಗೆಲ್ಲ ಒಂದೊಂದು ಸಣ್ಣ ಸೂರ್ಯ ಹೊಳೆಯುತ್ತಿತ್ತು, ಆ ಪ್ರತಿಯೊಂದು ತಾಟಿನಲ್ಲೂ ಅವರು ರಂಗಂಪೇಟೆಯ ಊಟವನ್ನು ಬಡಿಸಿಕೊಳ್ಳುತ್ತಿದ್ದರು. ಒಂದರಲ್ಲಿ ತುಪ್ಪ ಹೊಯ್ದ ಹೋಳಿಗೆ, ಒಂದರಲ್ಲಿ ಬದನೆಯ ಎಣಗಾಯಿ, ಒಂದರಲ್ಲಿ ಬರೀ ಭಜಿ. ಶರೀಫಸಾಬ ರಸ್ತೆಯಾಚೆಯಿಂದ, "ಸಾವುಕಾರ್ರ, ಯಾರ್ ಜೋಡಿ ನಗಾಕತ್ತೀರಿ?" ಎಂದು ಕೂಗಿದರೂ ಅವರಿಗೆ ಕೇಳಿಸುತ್ತಿರಲಿಲ್ಲ.

ರಂಗಂಪೇಟೆಯ ಬಾಗಿಲಲ್ಲಿ ಸೂಗಪ್ಪನವರೇ ನಿಂತಿದ್ದರು. ಎತ್ತರದ ಆಳು. ಮೈಮೇಲೆ ಇನ್ನೊಬ್ಬರು ಹೊಕ್ಕು ಕೂಡಬಹುದಾದಷ್ಟು ಸಡಿಲವಾದ ಜುಬ್ಬ, ಲಾಡಿಯ ಪೈಜಾಮ. ಎಂಥ ನಿಶ್ಚಿಂತ ಮನುಷ್ಯ, ಎಂಥ ರಾಜಗಾಂಭೀರ್ಯ ಎಂದುಕೊಂಡರು ವಿಶ್ವರಾಧ್ಯರು. ಬೆಲ್ಟು ಕಟ್ಟುವಂತಿಲ್ಲವೆಂದು ಅವರೂ ಅಂಥದೇ ಉಡುಪಿನಲ್ಲಿ ಬಂದಿದ್ದರು. ಸೂಗಪ್ಪನವರೂ ಇವರನ್ನು ಹಾಗೆಯೇ ಮೆಚ್ಚಿಕೊಂಡು ನೋಡಿದರು. ಗೊಲ್ಲಾಳಮ್ಮನನ್ನು ಸೂಗಪ್ಪನವರ ಹೆಂಡತಿ ಬಸವೇಶ್ವರಿ ಕೈಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಗಂಡಸರು ಪಡಸಾಲೆಯಲ್ಲಿ ಕೂತು ಮಳೆ, ಹತ್ತಿ, ತೊಗರಿಯ ಮಾತು ಮುಗಿಸಿ ಹೊಟ್ಟೆಯ ಮಾತಿಗೆ ಬಂದರು.

"ಶಹಾಪುರದಾಗ ಭಜಿ ಅಂದ್ರ ನಿಮ್ಮ ಹೆಸರಾ ಹೇಳ್ತಾರಂತ ಕೇಳೀನಿ," ಎಂದರು ಸೂಗಪ್ಪನವರು, ಸ್ವಲ್ಪ ಅಳುಕಿನಿಂದಲೇ.

ವಿಶ್ವರಾಧ್ಯರ ಎದೆ ಉಬ್ಬಿತು. "ಅದಕ್ಕೇನ್ರಿ, ಇವತ್ತಿಗೂ ಕಲ್ಲು ತಿಂದ್ರ ಕಲ್ಲು ಹಜಮ್."

"ನಮ್ದೂ ಹಂಗಾ ಅನ್ರಿ. ಖಾರ ಇಲ್ಲದ್ದು ನಮ್ಮ ಮನ್ಯಾಗ ಊಟಾನ ಅಲ್ಲ."

"ಸಪ್ಪನ್ನ ಉಣ್ಣಾವ್ರನ್ನ ಕಂಡ್ರ ನನಗ ಅಯ್ಯೋ ಅನಸ್ತದ ನೋಡ್ರಿ."

"ಅವ್ರೂ ಮನಷ್ಯಾರ್ರೇನ್ರಿ!" ಎಂದು ಸೂಗಪ್ಪನವರು ತೊಡೆ ತಟ್ಟಿದರು. ಅಡುಗೆಮನೆಯ ಬಾಗಿಲಲ್ಲಿ ಯಾರೋ ಬಂದು ನಿಂತು, ಹಾಗೇ ಒಳಗೆ ಹೋದ ಹಾಗಾಯಿತು.

ಆ ಸೀಮೆಯಲ್ಲಿ ಬೀಗರ ಊಟಕ್ಕೆ ಎರಡು ಕಾಯ್ದೆಗಳಿವೆ. ಬೀಗರ ತಾಟು ಖಾಲಿ ಕಾಣಬಾರದು; ಕಂಡರೆ ಬಡಿಸುವವರ ಮಾನ ಹೋಯಿತು. ಇನ್ನೊಂದು, ತಾಟಿನಲ್ಲಿ ಒಂದು ಅಗುಳೂ ಉಳಿಯಬಾರದು. ಪ್ರಸಾದವೆಂದು ಎಲ್ಲವನ್ನೂ ಮುಗಿಸಿ, ತಾಟು ತೊಳೆದು ಆ ನೀರನ್ನೂ ಕುಡಿದೇ ಏಳಬೇಕು. ಒಂದೊಂದೇ ನೋಡಿದರೆ ಎರಡೂ ಬಹಳ ದೊಡ್ಡ ಕಾಯ್ದೆಗಳು. ಒಟ್ಟಿಗೆ ನೋಡಿದರೆ, ಉಣ್ಣಲು ಕೂತವನು ಏಳುವ ದಾರಿ ಯಾವುದು ಎಂದು ಹಿರಿಯರು ಎಲ್ಲೂ ಹೇಳಿಲ್ಲ. ಸಾಲದ್ದಕ್ಕೆ ಬೀಗರು ಉಣ್ಣುವಷ್ಟು ಹೊತ್ತೂ ಮನೆಯ ಯಜಮಾನ ಎದುರಿಗೆ ಕೂತು ಸರಿಸಮನಾಗಿ ಉಣ್ಣಬೇಕು. ಈ ಕಾಯ್ದೆಗಳನ್ನು ಜಾರಿ ಮಾಡಲು ಸೌಟು ಹಿಡಿದು ನಿಂತವಳು ಸೂಗಪ್ಪನವರ ಹಿರಿಯಕ್ಕ. ಮನೆಯವರೆಲ್ಲ ಆಕೆಯನ್ನು ಅಕ್ಕವ್ವ ಎಂದು ಕರೆಯುತ್ತಿದ್ದರು. ಕಿವಿ ಮಂದ, ಕಣ್ಣು ಚುರುಕು, ತೋಳು ಪೈಲ್ವಾನರದು.

ಮೊದಲ ಭಜಿಯನ್ನು ವಿಶ್ವರಾಧ್ಯರು ಕಣ್ಣು ಮುಚ್ಚಿಕೊಂಡು ಕಚ್ಚಿದರು. ಹೊರಗಿನ ಗರಿ ಮುರಿದು ಒಳಗಿನ ಮೆಣಸಿನಕಾಯಿಯ ಬಿಸಿ ನಾಲಿಗೆಗೆ ತಾಗಿದಾಗ ಅವರಿಗೆ ತಾವು ರಂಗಂಪೇಟೆಯಲ್ಲಿದ್ದೇವೆ ಎಂಬುದೇ ಮರೆತು ಹೋಯಿತು. ಕೆರೆ, ತಂಗಾಳಿ, ಬಾತುಕೋಳಿಗಳು. ಎರಡನೆಯದಕ್ಕೆ ಹಿಂದಿನ ಜನ್ಮಗಳ ನೆನಪಾಯಿತು. ಮೂರನೆಯದು ಇಳಿಯುತ್ತಿದ್ದ ಹಾಗೆ ಅವರ ಹೊಟ್ಟೆ ಪರದೆ ಸರಿಸಿ ಹಣಿಕಿ ಹಾಕಿತು. ಚಕ್ಕಳಬಕ್ಕಳ ಹಾಕಿ, ತಾಟಿನ ಕಡೆ ಬಗ್ಗಿ ಕೂತವರಿಗೆ ಅದನ್ನು ಕೆಳಗೆ ದಬ್ಬುವ ಉಪಾಯವೇ ಇರಲಿಲ್ಲ. ಉರಿ ಎದೆಯಲ್ಲಿ ನಿಧಾನವಾಗಿ ಎದ್ದು, ಗಂಟಲಿಗೆ ಬಂದು, ಕಿವಿಯವರೆಗೂ ಹೋಯಿತು.

ಕೈ ನಿಂತಿತು.

"ಯಾಕ, ಬೀಗರ ಕೈ ನಿಂತ್ವು?" ಅಕ್ಕವ್ವನ ದನಿ ಓಣಿಗೆಲ್ಲ ಕೇಳಿಸಿತು. "ಅಡಿಗಿ ರುಚಿ ಹತ್ತಲಿಲ್ಲೇನು? ಹ್ವಾದ ವರ್ಷ ನಮ್ಮ ಓಣ್ಯಾಗ ಒಬ್ಬ ಬೀಗ ಹಿಂಗಾ ನಡುವ ಕೈ ತೊಳದಾ. ಮರುದಿನಾ ಸಂಬಂಧ ಬ್ಯಾಡಂತ ಹೇಳಿ ಕಳಿಸಿದಾ."

"ಛೇ ಛೇ, ಹಂಗೇನಿಲ್ರಿ!" ಎಂದು ವಿಶ್ವರಾಧ್ಯರು ನಾಲ್ಕನೆಯದನ್ನು ಎತ್ತಿಕೊಂಡರು. ಇನ್ನು ರುಚಿಯ ಮಾತಿಲ್ಲ. ಕಣ್ಣ ಮುಂದೆ ತಲೆ ಬಾಚಿಕೊಳ್ಳುತ್ತ ಗುನುಗುವ ಮಗಳು. ಭಜಿಯ ಮೇಲೆ ಹೋಳಿಗೆ ಬಿತ್ತು, ಹೋಳಿಗೆಯ ಮೇಲೆ ತುಪ್ಪ ಬಿತ್ತು, ಒಂದು ಕಡೆ ತೆರವಾದ ಜಾಗದಲ್ಲಿ ಎಣಗಾಯಿ ಬಿತ್ತು. ಎದುರಿಗೆ ಸೂಗಪ್ಪನವರು ತುತ್ತಿಗೆ ತುತ್ತು ಕೊಡುತ್ತಿದ್ದರು. ಅವರ ಹಣೆಯ ಮೇಲೆ ಬೆವರು, ಕಣ್ಣಲ್ಲಿ ನೀರು. ಆದರೂ, "ತಗೋರಿ ಬೀಗರ, ನಾಚಬ್ಯಾಡ್ರಿ, ಇನ್ನೊಂದು," ಎನ್ನುತ್ತಿದ್ದರು. ಎಂಥ ರಾಕ್ಷಸ ಹೊಟ್ಟೆ ಈ ಮನುಷ್ಯನದು, ಎಂದು ವಿಶ್ವರಾಧ್ಯರು ನಡುಗಿದರು.

ಅಡುಗೆಮನೆಯ ಬಾಗಿಲಲ್ಲಿ ಗೊಲ್ಲಾಳಮ್ಮ ಸೆರಗಿನ ಮರೆಯಲ್ಲಿ ಏನೋ ಹಿಡಿದುಕೊಂಡು ನಿಂತು ಕೆಮ್ಮಿದಳು. ಒಗ್ಗರಣೆಯ ಘಾಟು ಎಂದುಕೊಂಡರು. ಮತ್ತೆ ಕೆಮ್ಮಿದಳು. ಪಾಪ, ನನ್ನ ತ್ಯಾಗ ನೋಡಿ ಕರುಳು ಚುರ್ ಎಂದಿರಬೇಕು ಎಂದುಕೊಂಡು, ಚಿಂತಿಸಬೇಡ ಎಂಬಂತೆ ಅವರು ವೀರನ ಹಾಗೆ ಕಣ್ಣು ಮಿಟುಕಿಸಿದರು. ಗೊಲ್ಲಾಳಮ್ಮ ಹಣೆ ಬಡಿದುಕೊಂಡು ಒಳಗೆ ಹೋದಳು.

ತಾಟು ತೊಳೆದು ಕುಡಿದು ಎದ್ದಾಗ ವಿಶ್ವರಾಧ್ಯರಿಗೆ ನೆಲ ಸ್ವಲ್ಪ ದೂರ ಇದ್ದ ಹಾಗೆ ಕಂಡಿತು. ಪಡಸಾಲೆಯಲ್ಲಿ ಎರಡು ಚಾಪೆ, ಎರಡು ದಿಂಬು ಹಾಸಿ ಅಕ್ಕವ್ವ ಹೇಳಿದಳು, "ಜರಾ ಅಡ್ಡಾಗ್ರಿ." ತಾನೂ ಆ ಮೂಲೆಯಲ್ಲಿ ಸೆರಗು ಹೊದ್ದು ಅಡ್ಡಾದಳು.

ಇಬ್ಬರೂ ಅಡ್ಡಾಗಲಿಲ್ಲ.

"ನೀವು ಮಲಕೋರಿ ಬೀಗರ."

"ಇಲ್ರಿ, ಮನಿ ಯಜಮಾನ್ರು, ಮೊದಲ ನೀವು."

"ಅತಿಥಿ ಕುಂತಿರುವಾಗ ನಾ ಮಲಗಿದ್ರ ಛಲೋ ಕಾಣಂಗಿಲ್ಲ."

"ನನಗ ಉಂಡ ಮ್ಯಾಲ ಮಲಗೋ ರೂಢಿ ಇಲ್ರಿ. ಆಳಸಿತನ ಅದು."

"ಹೌದ್ರಿ, ಹೌದ್ರಿ, ಭಾಳ ಆಳಸಿತನ," ಎಂದು ಸೂಗಪ್ಪನವರು ತಟ್ಟನೆ ಒಪ್ಪಿಕೊಂಡು ಗೋಡೆಗೆ ಒರಗಿದರು. ವಿಶ್ವರಾಧ್ಯರೂ ಪಕ್ಕದಲ್ಲಿ ಒರಗಿದರು.

ಹೊರಗೆ ಮಧ್ಯಾಹ್ನ ನಿಂತು ಹೋಗಿತ್ತು. ಫ್ಯಾನು ತಿರುಗುತ್ತಿತ್ತು, ಜಂತೆಯಲ್ಲಿ ಒಂದು ಪಾರಿವಾಳ ಒಂದೇ ಮಾತನ್ನು ಹೇಳುತ್ತಿತ್ತು. ಕಿಟಕಿಯ ಬಿಸಿಲು ನೆಲದ ಮೇಲೆ ತೆವಳುತ್ತ ಬಂದು ಇಬ್ಬರ ಪಾದದ ಹತ್ತಿರ ಮಲಗಿತು. ಮಲಗುವ ಪುಣ್ಯ ಅದಕ್ಕಿತ್ತು. ವಿಶ್ವರಾಧ್ಯರಿಗೆ ಕೂತಲ್ಲೇ ಜೊಂಪು ಹತ್ತಿತು. ಕೆರೆಯ ಎಣ್ಣೆಗೆ ಬೆಂಕಿ ಹೊತ್ತಿಕೊಂಡಿತ್ತು. ಬಾತುಕೋಳಿಗಳೆಲ್ಲ ಸಿಟ್ಟಿಗೆದ್ದು ಅವರ ಎದೆಯನ್ನು ಕುಕ್ಕುತ್ತಿದ್ದವು. ಕಡಾಯಿ ಹತ್ತಿ ತಪ್ಪಿಸಿಕೊಳ್ಳಬೇಕೆಂದರೆ ಅದು ಗುಡ್ಡದ ಮೇಲಕ್ಕೆ ಜಾರಲು ಒಪ್ಪುತ್ತಿರಲಿಲ್ಲ. ಬೆಚ್ಚಿ ಕಣ್ಣು ತೆರೆದರು.

ಪಕ್ಕದಲ್ಲಿ ಸೂಗಪ್ಪನವರು ಗೋಡೆಯ ಕಡೆ ತಿರುಗಿ, ಕಳ್ಳನ ಹಾಗೆ ಜುಬ್ಬದ ಕಿಸೆಯಿಂದ ಬೆಳ್ಳಿ ಕಾಗದದ ಪಟ್ಟಿಯೊಂದನ್ನು 'ಪಟ್' ಎಂದು ಒಡೆದು, ಗುಲಾಬಿ ಗುಳಿಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆ ಬಣ್ಣ, ಆ ವಾಸನೆ ವಿಶ್ವರಾಧ್ಯರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಕಿಸೆಯಲ್ಲೂ ಅದೇ ಇತ್ತು.

"ಬೀಗರ," ಎಂದರು ಮೆಲ್ಲಗೆ. "ಅದನ್ನ ಚೀಪಬ್ಯಾಡ್ರಿ, ಅಗೀರಿ. ಫಿರ್ದೌಸ್ ಡಾಕ್ಟ್ರು ಹಂಗಾ ಹೇಳ್ಯಾರ."

ಸೂಗಪ್ಪನವರ ದವಡೆ ನಿಂತಿತು. ನಿಧಾನವಾಗಿ ತಿರುಗಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿಮಗೂ... ಪರದಾ?"

"ಸಡಲಾಗ್ಯಾದ್ರಿ."

"ನಂದೂ." ಸೂಗಪ್ಪನವರ ಕಣ್ಣು ತುಂಬಿ ಬಂತು. "ರೋಗದ ಮನಿತನ ಅಂತ ನೀವು ಹೆಣ್ಣು ಕೊಡಂಗಿಲ್ಲ ಅಂತ ಹೆದರಿದ್ನಿರಿ. ನಿಮ್ಮ ಭಜಿ ಸುದ್ದಿ ಕೇಳಿ ಕೇಳಿ ಈ ವಾರ ನಿದ್ದಿ ಇಲ್ಲ ನನಗ."

"ನಾ ನಿಮ್ಮ ಎದಿರಿಗಿ ಕುಂತು ಇವತ್ತಿಗಿ ನನ್ನ ಕತಿ ಮುಗೀತು ಅನ್ಕೊಂಡಿದ್ನಿ."

ವಿಶ್ವರಾಧ್ಯರ ಎದೆಯಿಂದ ಒಂದು ದೊಡ್ಡ ಭಾರ ಇಳಿಯಿತು. (ಉರಿ ಅಲ್ಲೇ ಇತ್ತು.) ಈ ಲೋಕದಲ್ಲಿ ತಮ್ಮನ್ನು ಪೂರ್ತಿಯಾಗಿ ತಿಳಿದ ಜೀವವೊಂದು ಇಷ್ಟು ಹತ್ತಿರ ಇತ್ತಲ್ಲ ಎಂದು ಅವರಿಗೆ ಅಳು ಬರುವ ಹಾಗಾಯಿತು. ಇಬ್ಬರೂ ಗುಳಿಗೆ ಅಗಿಯುತ್ತ ಕೂತು ಸುಖದುಃಖ ಹೇಳಿಕೊಂಡರು.

"ಮಂಚಕ್ಕ ಏನಿಟ್ಟೀರಿ? ನಮ್ದು ಇಟ್ಟಂಗಿ."

"ನಮ್ದು ಹಾಸಗಲ್ಲು. ಬೆಳಗಾಗೋತನಾ ಜಾರತೀನ್ರಿ."

"ಕನಸು?"

ಸೂಗಪ್ಪನವರು ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಬಾವಿ ತುಂಬ ಭಜಿ. ಹಗ್ಗ ಬಿಟ್ಟು ಸೇದತೀನಿ," ಎಂದರು. ಆಮೇಲೆ ಸೂಗಪ್ಪನವರೇ ಇನ್ನೂ ಹತ್ತಿರ ಸರಿದರು. "ಬೀಗರ, ಮದುವಿ ದಿನ ಗದ್ದಲ ಇರ್ತದ. ಹೆಣಮಕ್ಕಳ ಕಣ್ಣು ನಮ್ಮ ಮ್ಯಾಲ ಇರಂಗಿಲ್ಲ. ಹಂದರದ ಹಿಂದ ಅಡಗಿ ಭಟ್ರು ಕರೀತಿರ್ತಾರ. ನಾವಿಬ್ರಾ ಹೋಗೂಣು. ತಲಿಗಿ ಎರಡಾ. ಭಾಳ ಬ್ಯಾಡ."

"ಎರಡಕ್ಕ ಏನಾಗ್ತದ್ರಿ," ಎಂದರು ವಿಶ್ವರಾಧ್ಯರು ಕನಸುಗಣ್ಣಿನಿಂದ. ಎರಡು ಬಾತುಕೋಳಿಗಳು ಆಗಲೇ ಈಜಿ ಬರುತ್ತಿದ್ದವು.

"ಸೂಗಾ!" ಮೂಲೆಯ ಸೆರಗಿನೊಳಗಿಂದ ಅಕ್ಕವ್ವನ ದನಿ ಬಂತು. "ಹಂದರದ ಹಿಂದ ಯಾಕ್ ಹೊಂಟೀರಿ ಇಬ್ರೂ?" ಕಿವಿ ಮಂದವಾದವರಿಗೆ ಕೇಳಬಾರದ್ದು ಮಾತ್ರ ಸರಿಯಾಗಿ ಕೇಳಿಸುತ್ತದೆ ಎಂಬುದನ್ನು ಇಬ್ಬರೂ ಮರೆತಿದ್ದರು.

ಅಡುಗೆಮನೆಯ ಬಾಗಿಲಲ್ಲಿ ಗೊಲ್ಲಾಳಮ್ಮ, ಬಸವೇಶ್ವರಿ ಜೊತೆಯಾಗಿ ನಿಂತಿದ್ದರು. ಒಂದೇ ಒಲೆಯ ಮುಂದೆ ಅಡುಗೆ ಕಲಿತ ಅಕ್ಕತಂಗಿಯರ ಹಾಗೆ ಕಂಡರು.

"ಹಣಿಕಿ ಹಾಕೋ ಹೊಟ್ಟಿಗಳಿಗಿ ಹಂದರ ಬ್ಯಾರೆ ಬೇಕಾಗ್ಯಾದ," ಎಂದಳು ಗೊಲ್ಲಾಳಮ್ಮ.

"ನಿಮಗ... ಗೊತ್ತಿತ್ತೇನ?" ಎಂದರು ವಿಶ್ವರಾಧ್ಯರು.

"ಬಂದ ಕೂಡ್ಲೇ ಒಲಿ ಬದಿಗಿ ನುಚ್ಚಿನ ಗಂಜಿ ಕಂಡೆ. ಯಾರಿಗವ್ವ ಅಂತ ಕೇಳಿದೆ. ಪಾಪ, ಬೀಗತಿ ಕಣ್ಣೀರು ತಂದ್ಳು. ನಾನೂ ನಮ್ಮನಿ ಕತಿ ಹೇಳಿದೆ. ಎರಡು ಬಟ್ಟಲದಾಗ ಗಂಜಿ ಹಾಕ್ಕೊಂಡು, ಇಬ್ರಿಗೂ ಇದಾ ಕೊಡೂಣು, ಎಲ್ಲಾ ಹೇಳಿಬಿಡೂಣು ಅಂತ ಬಾಗಲಿಗಿ ಬಂದ್ವಿ. ಬರೋದ್ರಾಗ ಯಾರೋ ಕಲ್ಲು ಹಜಮ್ ಮಾಡಾಕತ್ತಿದ್ರು."

"ಸಪ್ಪನ್ನ ಉಣ್ಣಾವ್ರು ಮನಷ್ಯಾರ ಅಲ್ಲಂತ," ಎಂದಳು ಬಸವೇಶ್ವರಿ, ಗಂಡನ ಕಡೆ ನೋಡುತ್ತ.

"ಅದಕ್ಕ ಆ ಗಂಜಿ ನಾವಾ ಉಂಡ್ವಿ. ಆದ್ರೂ ನನಗ ಜೀವ ತಡೀಲಿಲ್ಲ. ಮತ್ತೊಂದು ಬಟ್ಟಲ ಹಿಡ್ಕೊಂಡು ಬಂದು ಎರಡ್ ಸಲ ಕೆಮ್ಮಿದೆ. ಇವ್ರು ನನಗ ಕಣ್ಣು ಹೊಡದ್ರು!"

ಹೇಳುತ್ತ ಹೇಳುತ್ತ ಆಕೆಯ ದನಿ ಒಡೆಯಿತು. ಸಿಟ್ಟೋ ಅಳುವೋ ಆಕೆಗೂ ಗೊತ್ತಾಗಲಿಲ್ಲ. ವಿಶ್ವರಾಧ್ಯರು ತಲೆ ತಗ್ಗಿಸಿದರು. ಮಗಳಿಗಾಗಿ ನುಂಗಿದ ಅಷ್ಟೂ ಬೆಂಕಿ ಬಿಟ್ಟಿ ಹೋಗಿತ್ತು; ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಗಂಜಿ ಕುಡಿದು ಹಾಯಾಗಿ ಎಲೆ ಅಡಿಕೆ ಬದಲಿಸಬಹುದಿತ್ತು.

"ಅದಿರ್ಲಿ. ಹಂದರದ ಹಿಂದಿನ ಕಾರಬಾರ ಯಾರ್ದು?" ಬಸವೇಶ್ವರಿ ಕೇಳಿದಳು.

ವಿಶ್ವರಾಧ್ಯರು ಭರವಸೆಯಿಂದ ಸೂಗಪ್ಪನವರ ಕಡೆ ನೋಡಿದರು. ಸುಖದುಃಖ ಹಂಚಿಕೊಂಡ ಜೀವ. ಒಂದೇ ಪರದೆ, ಒಂದೇ ಗುಳಿಗೆ.

"ಬೀಗರು ಭಾಳ ಆಸಿ ಪಟ್ರು," ಎಂದರು ಸೂಗಪ್ಪನವರು, ಗೋಡೆಯನ್ನು ನೋಡುತ್ತ. "ಮನಿಗಿ ಬಂದಾವ್ರಿಗಿ ಇಲ್ಲ ಅನ್ನೋದು ಹೆಂಗ ಅಂತ ನಾ ಬರೇ ಹೂಂ ಅಂದೆ."

ವಿಶ್ವರಾಧ್ಯರು ಅಲ್ಲ ಎಂದರೆ ಬೀಗರನ್ನು ಸುಳ್ಳುಗಾರ ಎಂದ ಹಾಗಾಗುತ್ತದೆ. ಎಲೆ ಅಡಿಕೆಯ ತಟ್ಟೆ ಇನ್ನೂ ದೇವರ ಮುಂದೆಯೇ ಇತ್ತು. ಉಮಾಶ್ರೀಯ ತಂದೆ ಗಂಟಲಿಗೆ ಬಂದ ಹುಳಿನೀರಿನ ಜೊತೆ ಆ ಮಾತನ್ನೂ ನುಂಗಿಕೊಂಡರು.

"ಹೌದು," ಎಂದರು. "ನಂದಾ ತಪ್ಪು."

ತೀರ್ಪು ಅಲ್ಲೇ ಆಯಿತು. ಮದುವೆಯ ದಿನ ಇಬ್ಬರು ಬೀಗರೂ ಮೊದಲ ಪಂಕ್ತಿಯಲ್ಲಿ, ಊರಿನವರೆಲ್ಲ ನೋಡುವ ಹಾಗೆ, ಗಂಜಿ ಕುಡಿಯಬೇಕು. ಇದಕ್ಕೆ ಒಪ್ಪಿದ ಮೇಲೆ ಎಲೆ ಅಡಿಕೆ ಬದಲಾಯಿತು, ಬಾಯಿಗೆ ಸಕ್ಕರೆ ಬಿತ್ತು, ಸಂಬಂಧ ಪಕ್ಕಾ ಆಯಿತು. ಗೊಲ್ಲಾಳಮ್ಮ ಮಗಳಿಗೆ ಫೋನು ಹಚ್ಚಿ ಕೊಟ್ಟಳು. ಆ ಕಡೆಯಿಂದ ಉಮಾಶ್ರೀ ಬರೀ ನಕ್ಕಳು. ಅದು ಸಾಕಾಗಿತ್ತು ವಿಶ್ವರಾಧ್ಯರಿಗೆ. ಎದೆಯ ಉರಿ ಕೂಡ ಆ ಗಳಿಗೆಯಲ್ಲಿ ತಣ್ಣಗಾಯಿತು.

ಹೊತ್ತು ಮುಳುಗುವ ಮೊದಲು ಉಣ್ಣಬೇಕೆಂಬ ಡಾಕ್ಟರರ ನಿಯಮ ನೆನಪಾಗಿ, ಹೊರಡುವ ಮುಂಚೆ ಇಬ್ಬರಿಗೂ ಮತ್ತೆ ತಾಟು ಹಾಕಿದರು. ಈ ಸಲ ಬಿಳಿ ಗಂಜಿ, ಮಜ್ಜಿಗೆ. ಮಧ್ಯಾಹ್ನದ್ದೇ ಇನ್ನೂ ಎದೆಯ ಬಾಗಿಲಲ್ಲಿ ನಿಂತಿತ್ತು. ಸೂಗಪ್ಪನವರು, "ನನಗ ಜರಾ ಹಸಿವಿಲ್ಲ, ಬೀಗರದು ನೋಡ್ರಿ," ಎಂದು ಜಾಣತನದಿಂದ ತಾಟು ಹಿಂದೆ ಸರಿಸಿದರು. ಅಕ್ಕವ್ವ ಸೌಟು ಹಿಡಿದು ವಿಶ್ವರಾಧ್ಯರ ಮುಂದೆ ಬಂದು ನಿಂತಳು. ರೋಗ ಯಾವುದು, ಪರದೆ ಯಾವುದು ಆಕೆಗೆ ತಿಳಿದಿರಲಿಲ್ಲ. ಬೀಗರಿಗೆ ಗಂಜಿ ಇಷ್ಟ ಎಂಬುದೊಂದು ತಿಳಿದಿತ್ತು. ಗಂಜಿಯಾದರೂ ಸ್ವಲ್ಪವೇ ಕುಡಿಯಬೇಕು ಎಂದು ಆಕೆಯ ಕಿವಿಗೆ ಮುಟ್ಟಿಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ವಿಶ್ವರಾಧ್ಯರು ಎರಡು ಸೌಟು ಹೇಗೋ ಮುಗಿಸಿ, ತಾಟು ತೊಳೆಯಲು ನೀರಿನ ತಂಬಿಗೆಗೆ ಕೈ ಚಾಚಿದರು.

"ಅಕ್ಕಾ," ಎಂದರು ಸೂಗಪ್ಪನವರು, ಓಣಿಗೆ ಕೇಳಿಸುವಷ್ಟು ಗಟ್ಟಿಯಾಗಿ, "ಬೀಗರ ತಾಟು ಖಾಲಿ ಕಾಣಾಕತ್ತದ ನೋಡು!"

ವಿಶ್ವರಾಧ್ಯರು ಅಡ್ಡ ಹಿಡಿಯಲು ಕೈ ಎತ್ತುವಷ್ಟರಲ್ಲಿ ಗಂಜಿ ಬಿದ್ದಾಗಿತ್ತು.